ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು

ನಮ್ಮ ಭಾಗದ ಹುಡುಗರು ಹೆಚ್ಚಿನ ಓದಿಗೆಂದು ಬೆಂಗಳೂರಿಗೆ ಹೊರಟರೆ ಸೇಡಂ, ಚಿತ್ತಾಪುರದವರು ಹೆಚ್ಚಾಗಿ ವಾಡಿಯಲ್ಲಿ ಗಾಡಿ ಬದಲಿಸಬೇಕಾಗುತ್ತದೆ. ಶಹಾಬಾದಿನವರಿಗೆ ಆ ಕಷ್ಟವಿಲ್ಲ. ಚಿಂಚೋಳಿಯವರಿಗಂತೂ ಊರಲ್ಲಿ ರೈಲೇ ಇಲ್ಲ. ಮೊದಲು ಬಸ್ಸು ಹಿಡಿಯಬೇಕು. ಗಂಟಿನಲ್ಲಿ ಕಟಕ ರೊಟ್ಟಿ, ಶೇಂಗಾದ ಹಿಂಡಿ. ಜೇಬಿನಲ್ಲಿ ತೊಗರಿ ಮಾರಿದ ಹಣವೋ, ಕಲ್ಲುಗಣಿಯ ಕೂಲಿಯಲ್ಲಿ ತಂದೆ ಉಳಿಸಿ ಕೊಟ್ಟದ್ದೋ. ಕಾಲೇಜಿನ ಶುಲ್ಕವನ್ನು ಹೇಗೋ ಹೊಂದಿಸಿಕೊಂಡವನು ಖೋಲಿಯ ಬಾಡಿಗೆಯ ಮುಂದೆ ಸೋಲುತ್ತಾನೆ. ಹಲವು ತಿಂಗಳ ಬಾಡಿಗೆಯನ್ನು ಮಾಲಿಕರು ಮುಂಗಡವಾಗಿಯೇ ಕೇಳುವರು. ಪ್ರವೇಶ ದೊರೆತರೂ ತಲೆಯೂರಲು ಜಾಗ ದೊರೆಯದೆ ಊರಿಗೆ ಮರಳಿದವರುಂಟು. ಇದೇ ಕೊರತೆಯನ್ನು ಒಂದು ಶತಮಾನಕ್ಕೂ ಹಿಂದೆ ಮನಗಂಡು, ತಮ್ಮ ಸರ್ವಸ್ವವನ್ನೂ ಅದಕ್ಕಾಗಿ ಕೊಟ್ಟುಹೋದ ವರ್ತಕರೊಬ್ಬರಿದ್ದರು.

ಗುಬ್ಬಿ ಎಂದೊಡನೆ ನಮಗೆ ನೆನಪಾಗುವುದು ವೀರಣ್ಣನವರ ನಾಟಕ ಕಂಪನಿ. ತುಮಕೂರು ಸೀಮೆಯ ಅದೇ ಗುಬ್ಬಿಯಲ್ಲಿ 1838ರಲ್ಲಿ ತೋಟದಪ್ಪನವರು ಜನಿಸಿದರು. ವೀರಶೈವ ಮನೆತನ. ಕುಟುಂಬವು ಬೆಂಗಳೂರಿಗೆ ಬಂದು ಮಾಮೂಲ್ ಪೇಟೆಯಲ್ಲಿ ಅಂಗಡಿ ತೆರೆಯಿತು. ತಂದೆಯವರು ತೀರಿದ ಮೇಲೆ ವ್ಯಾಪಾರದ ಹೊಣೆ ಇವರ ಹೆಗಲಿಗೆ ಬಂತು. ವ್ಯಾಪಾರ ಬೆಳೆಯಿತು, ಸಂಪತ್ತೂ ಸೇರಿತು, ಆದರೆ ಮಕ್ಕಳಾಗಲಿಲ್ಲ. ಅಂಥವರು ದತ್ತು ತೆಗೆದುಕೊಳ್ಳುವುದು, ದೇವಾಲಯ ಕಟ್ಟಿಸುವುದು ಅಂದಿನ ರೂಢಿ. ತೋಟದಪ್ಪನವರು ಪರವೂರಿನಿಂದ ಬರುವವರ ಕಡೆಗೆ ಕಣ್ಣು ಹಾಯಿಸಿದರು.

1897ರಲ್ಲಿ ಅವರು ಬೆಂಗಳೂರು ಸಿಟಿ ರೈಲು ನಿಲ್ದಾಣದ ಎದುರಿಗೆ ಸುಮಾರು 2.5 ಎಕರೆ ಜಾಗವನ್ನು ರೈಲ್ವೆಯವರಿಂದ ಕೊಂಡರು. ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣವಿರುವ ಕಡೆ ಆಗ ಧರ್ಮಾಂಬುಧಿ ಕೆರೆ. ಪೇಟೆಯ ಗದ್ದಲ ಅದರ ಆಚೆಗಿತ್ತು. ಮರುವರ್ಷವೇ ಬೆಂಗಳೂರಿಗೆ ಪ್ಲೇಗು ಬಡಿಯಿತು. ಜನ ಮನೆಮಠ ತೊರೆದು ಬಯಲಿಗೆ ಓಡಿದರು. ಸಂಕಲ್ಪ ಮಾತ್ರ ಕೈಬಿಡಲಿಲ್ಲ. ಧರ್ಮಛತ್ರ ಸಿದ್ಧವಾಗಿ 1903ರ ಫೆಬ್ರವರಿ 11ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಅದನ್ನು ಉದ್ಘಾಟಿಸಿದರು. ರಾಜ್ಯಭಾರದ ಪೂರ್ಣಾಧಿಕಾರ ವಹಿಸಿಕೊಂಡು ಆರು ತಿಂಗಳಷ್ಟೇ ಆಗಿದ್ದ ಆ ಅರಸರಿಗೆ ಆಗ 18 ವರ್ಷ. ನಮ್ಮ ಕಾಲೇಜಿನ ಮೊದಲ ವರ್ಷದವರ ವಯಸ್ಸು!

ಸ್ಥಳದ ಆಯ್ಕೆಯಲ್ಲಿಯೇ ವರ್ತಕನ ಬುದ್ಧಿ ಕಾಣುತ್ತದೆ. ರಾತ್ರಿಯ ಗಾಡಿಯಲ್ಲಿ ಇಳಿದವನು ಯಾರನ್ನೂ ದಾರಿ ಕೇಳಬೇಕಾಗಿಲ್ಲ, ಕುದುರೆಗಾಡಿಗೆ ಕಾಸು ತೆರಬೇಕಾಗಿಲ್ಲ. ರಸ್ತೆ ದಾಟಿದರೆ ಸಾಕು.

ಆದರೆ ಛತ್ರಗಳು ನಾಡಿನಲ್ಲಿ ಹೊಸವಲ್ಲ. ತೋಟದಪ್ಪನವರ ಹೆಚ್ಚುಗಾರಿಕೆ ಅದರೊಂದಿಗೆ ವಿದ್ಯಾರ್ಥಿಗಳಿಗೆ ಉಚಿತ ನಿಲಯವನ್ನೂ ತೆರೆದುದರಲ್ಲಿದೆ. ಪ್ರಯಾಣಿಕನು ಎರಡು ದಿನವಿದ್ದು ಹೋಗುತ್ತಾನೆ. ವಿದ್ಯಾರ್ಥಿ ವರ್ಷಗಟ್ಟಲೆ ಇರುವವನು. ಅವನಿಗೆ ಚಾಪೆ ಹಾಸುವಷ್ಟು ನೆಲ ಸಾಲದು. ಪುಸ್ತಕವಿಡಲು ಮೂಲೆ, ದೀಪ, ಸ್ನಾನಕ್ಕೆ ನೀರು ಬೇಕು. ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1916ರಲ್ಲಿ. ಅದಕ್ಕೂ ಮುನ್ನ ಸೆಂಟ್ರಲ್ ಕಾಲೇಜು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು. ಅಲ್ಲಿ ಓದಬೇಕೆಂಬ ಹಳ್ಳಿಯ ಹುಡುಗನಿಗೆ ಬೆಂಗಳೂರಿನಲ್ಲಿ ಬಂಧುಗಳಿಲ್ಲದಿದ್ದರೆ ವಾರಾನ್ನವೇ ಗತಿ. ಏಳು ಮನೆಗಳಲ್ಲಿ ಉಂಡು, ಯಾರದೋ ಜಗಲಿಯಲ್ಲಿ ಮಲಗಿ ಪರೀಕ್ಷೆಗೆ ಓದಿದವರ ಬವಣೆಯನ್ನು ಊಹಿಸಿಕೊಳ್ಳಬಹುದು.

ಒಂದು ಮಾತನ್ನು ಮರೆಮಾಚಬಾರದು. ಆ ನಿಲಯವು ವೀರಶೈವ ವಿದ್ಯಾರ್ಥಿಗಳಿಗಾಗಿ ನಡೆದುಬಂದದ್ದು. ಆ ಕಾಲದಲ್ಲಿ ಒಂದೊಂದು ಸಮಾಜವೂ ತನ್ನ ಮಕ್ಕಳಿಗೆ ತಾನೇ ಸೂರು ಹುಡುಕಿತು. 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘವೂ ಅದೇ ಹಾದಿ ತುಳಿಯಿತು. ಹಣವಂತರಿಲ್ಲದ ಸಮಾಜಗಳ ಮಕ್ಕಳು ಬಹುಕಾಲ ಕಾಯಬೇಕಾಯಿತು. ಆಗ ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ತಾಲ್ಲೂಕುಗಳಿಗಂತೂ ಬೆಂಗಳೂರು ಪರರಾಜ್ಯ. ನಮ್ಮವರ ದೊಡ್ಡ ಊರು ಹೈದರಾಬಾದು. 1956ರಲ್ಲಿ ರಾಜ್ಯ ಒಂದಾದ ಮೇಲೆಯೇ ಬೆಂಗಳೂರು ನಮ್ಮ ರಾಜಧಾನಿಯಾಯಿತು. ಎಲ್ಲ ಹಿಂದುಳಿದ ವರ್ಗಗಳ ಹುಡುಗರಿಗೂ ಸರ್ಕಾರದ ನಿಲಯಗಳು ಹೆಚ್ಚಿದ್ದು ದೇವರಾಜ ಅರಸರ ಕಾಲದಲ್ಲಿ, 1970ರ ದಶಕದಲ್ಲಿ. ಇಂದಿಗೂ ಅಲ್ಲಿ ಜಾಗ ಸಿಗದವರು ಬಾಡಿಗೆಯ ಖೋಲಿಯನ್ನೇ ಹುಡುಕಬೇಕು.

ಮೈಸೂರು ಅರಸರು ತೋಟದಪ್ಪನವರಿಗೆ ಧರ್ಮಪ್ರವರ್ತ ಎಂಬ ಬಿರುದನ್ನಿತ್ತರು. ಬ್ರಿಟಿಷ್ ಸರ್ಕಾರದಿಂದ ರಾವ್ ಬಹಾದ್ದೂರ್ ಪದವಿ ಬಂತು. ಬಿರುದುಗಳಿಗಿಂತ ಅವರ ಕೊನೆಯ ದಿನಗಳ ಏರ್ಪಾಡು ನನಗೆ ದೊಡ್ಡದಾಗಿ ತೋರುತ್ತದೆ. ಕಟ್ಟಡ ಕಟ್ಟಿಸಿ ಕೈತೊಳೆದುಕೊಂಡರೆ ಹತ್ತು ವರ್ಷದಲ್ಲಿ ಹೆಂಚು ಜಾರಿ, ಗೋಡೆ ಕುಸಿಯುವುದೆಂಬುದನ್ನು ವರ್ತಕರು ಬಲ್ಲರು. ತಮ್ಮ ಆಸ್ತಿಯನ್ನೆಲ್ಲ ಧರ್ಮಸಂಸ್ಥೆಗೆ ಬಿಟ್ಟು, ಅದರ ಆಡಳಿತವನ್ನು ಕೆ. ಪಿ. ಪುಟ್ಟಣ್ಣ ಚೆಟ್ಟಿಯವರಿಗೆ ಒಪ್ಪಿಸಿದರು. ಬೆಂಗಳೂರಿನ ಪುರಭವನಕ್ಕಿರುವುದು ಆ ಪುಟ್ಟಣ್ಣ ಚೆಟ್ಟಿಯವರದೇ ಹೆಸರು. 1910ರಲ್ಲಿ, 72ರ ಆಸುಪಾಸಿನ ವಯಸ್ಸಿನಲ್ಲಿ, ತೋಟದಪ್ಪನವರು ತೀರಿಕೊಂಡರು. ನಿಲ್ದಾಣದ ಮುಂದಿನ ರಸ್ತೆಗೆ ಈಗ ಅವರ ಹೆಸರಿದೆ. ಛತ್ರವೂ ವಿದ್ಯಾರ್ಥಿನಿಲಯವೂ ನಡೆಯುತ್ತಿವೆ.