ಸರ್ ಮಿರ್ಜಾ ಇಸ್ಮಾಯಿಲ್ ಮತ್ತು ಪೋಲೀಸರ ಬಂದೂಕ

ಬೃಂದಾವನವನ್ನೂ ಮಂಡ್ಯದ ಸಕ್ಕರೆ ಕಾರ್ಖಾನೆಯನ್ನೂ ನೆನೆದಾಗ ನೆನಪಿಗೆ ಬರುವ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ಲರು ಮೊದಲು ಸೇವೆಗೆ ಸೇರಿದ್ದು ಪೋಲೀಸ್ ಇಲಾಖೆಗೆ ಎಂಬುದನ್ನು ಬಲ್ಲವರು ಕಡಮೆ. 1883ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಅವರು ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಗಳು. ಬಿ.ಎ. ಮುಗಿಸಿ ಅಸಿಸ್ಟೆಂಟ್ ಪೋಲೀಸ್ ಸೂಪರಿಂಟೆಂಡೆಂಟರಾದರು. ಮುಂದೆ ಅರಮನೆಯ ಸೇವೆಗೆ ಬಂದು, 1926ರಿಂದ 1941ರವರೆಗೆ ದಿವಾನರಾಗಿದ್ದರು.

ಅವರ ಆಡಳಿತಕ್ಕೆ ಉಳಿದ ಕೊರಗೆಂದರೆ ವಿದುರಾಶ್ವತ್ಥ. ಧ್ವಜ ಹಾರಿಸಬಾರದೆಂಬ ಆಜ್ಞೆಯಿದ್ದರೂ 1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ಆ ಕ್ಷೇತ್ರದಲ್ಲಿ ಜನ ನೆರೆದರು. ಪೋಲೀಸರು ಗುಂಡು ಹಾರಿಸಿದರು. ಸತ್ತವರು ಜನರ ಲೆಕ್ಕದಲ್ಲಿ 32. ಸರ್ಕಾರದ ಲೆಕ್ಕ ಅದಕ್ಕಿಂತ ಕಡಮೆ. ಮರುತಿಂಗಳು ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದು ದಿವಾನರೊಡನೆ ಮಾತನಾಡಿದರು. ಮೈಸೂರಿನ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಒಪ್ಪಿಗೆಯಾಯಿತು. ಗುಂಡು ಬಿಡಿಸಲಾರದ ಗಂಟನ್ನು ಮಾತು ಬಿಡಿಸಿತು. ಸತ್ತವರು ಮಾತ್ರ ಹಿಂದಿರುಗಲಿಲ್ಲ.

ಮಿರ್ಜಾರವರು 1959ರಲ್ಲಿ ತೀರಿಕೊಂಡರು. ಅಂದಿನ ಪ್ರಶ್ನೆ ಇನ್ನೂ ಉಳಿದಿದೆ. ನಾನು ಹೆಗ್ಗಡದೇವನಕೋಟೆಯ ಕಾಡಂಚಿನವನು. ಬಂದೂಕ ಹಿಡಿದ ಕಾಡುಗಳ್ಳನೆದುರು ಕಾವಲಿನವನು ಬರಿಗೈಯಲ್ಲಿ ನಿಲ್ಲಲಿ ಎನ್ನಲಾರೆ. ಆದರೆ ಜನ ಸೇರಿದ ಕಡೆ ಹೆಗಲಮೇಲೆ ಬಂದೂಕವಿದ್ದರೆ ತಾಳ್ಮೆ ಬೇಗ ಮುಗಿಯುತ್ತದೆ. ಇಂಗ್ಲೆಂಡಿನ ಗಸ್ತಿನ ಪೇದೆ ಇಂದಿಗೂ ಸಾಮಾನ್ಯವಾಗಿ ಬಂದೂಕವಿಲ್ಲದೆಯೇ ತಿರುಗುತ್ತಾನೆ.

ನಮ್ಮ ತರಗತಿಯಲ್ಲಿ ಹಲವರು ಪೋಲೀಸ್ ಪರೀಕ್ಷೆಗೆ ಓದುತ್ತಿದ್ದೇವೆ, ನಾನೂ ಅವರಲ್ಲೊಬ್ಬ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗನಾದ ನನಗೆ ಆ ಕೆಲಸ ದೊಡ್ಡದು. ಖಾಕಿ ತೊಡುವ ಮುನ್ನ ಮಿರ್ಜಾರ ತೋಟಗಳೊಡನೆ ವಿದುರಾಶ್ವತ್ಥವನ್ನೂ ನಾವು ಓದಿಕೊಳ್ಳಬೇಕೆಂಬುದು ನನ್ನ ವಿನಮ್ರ ಅಭಿಪ್ರಾಯ.