ಅಯಾನನ್ನು ಸೆರೆಹಿಡಿದ ವೋಲ್ಫ್‌ಗಾಂಗ್ ಪೌಲ್

ವಿದ್ಯುದಂಶವನ್ನು ಪಡೆದ ಪರಮಾಣುವಿಗೆ ಅಯಾನು ಎಂದು ಹೆಸರು. ಅದು ಅತಿ ಸೂಕ್ಷ್ಮ, ಅತಿ ಚಂಚಲ. ಪಾತ್ರೆಯಲ್ಲಿ ಕೂಡಿಟ್ಟರೆ ಗೋಡೆಗೆ ತಾಗಿ ತನ್ನ ವಿದ್ಯುದಂಶವನ್ನೇ ಕಳೆದುಕೊಳ್ಳುತ್ತದೆ. ಇಂತಹ ಕಣವನ್ನು ಗೋಡೆಯಿಲ್ಲದ ಸೆರೆಯಲ್ಲಿ ಹಿಡಿದಿಡುವ ಉಪಾಯವನ್ನು ಕಂಡುಹಿಡಿದವರು ಜರ್ಮನಿಯ ಭೌತವಿಜ್ಞಾನಿ ವೋಲ್ಫ್‌ಗಾಂಗ್ ಪೌಲ್.

ಪೌಲರು 1913ರ ಆಗಸ್ಟ್ 10ರಂದು ಸ್ಯಾಕ್ಸನಿ ಪ್ರಾಂತದ ಲೊರೆಂಟ್ಸ್‌ಕಿರ್ಖ್ ಎಂಬಲ್ಲಿ ಜನಿಸಿದರು. ಅವರ ತಂದೆ ಮ್ಯೂನಿಕ್ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಪೌಲರು ಇನ್ನೂ ಶಾಲಾ ಬಾಲಕರಾಗಿದ್ದಾಗಲೇ ತಂದೆ ತೀರಿಕೊಂಡರು. ಭೌತವಿಜ್ಞಾನಿಯಾಗಬೇಕೆಂದು ನಿಶ್ಚಯಿಸಿದ ತರುಣನಿಗೆ, ತಂದೆಯ ಸಹೋದ್ಯೋಗಿಯಾಗಿದ್ದ ಪ್ರಖ್ಯಾತ ವಿಜ್ಞಾನಿ ಸಾಮರ್‌ಫೆಲ್ಡ್ ಅವರು ಮೊದಲು ಸೂಕ್ಷ್ಮ ಯಂತ್ರಗಳ ಕೆಲಸವನ್ನು ಕಲಿಯುವಂತೆ ಸಲಹೆಯಿತ್ತರು. ಮುಂದೆ ಮ್ಯೂನಿಕ್ ಹಾಗೂ ಬರ್ಲಿನ್ ನಗರಗಳಲ್ಲಿ ವ್ಯಾಸಂಗ ಮಾಡಿದ ಪೌಲರು 1952ರಲ್ಲಿ ಬಾನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದರು.

ಬಾನ್ ನಗರದಲ್ಲಿಯೇ ಅವರ ಮಹತ್ಸಾಧನೆ ಮೈದಾಳಿತು. ಸ್ಥಿರವಾದ ವಿದ್ಯುತ್ ಕ್ಷೇತ್ರವೊಂದರಿಂದಲೇ ಅಯಾನನ್ನು ನಿಲ್ಲಿಸಲಾಗದು. ಒಂದು ದಿಕ್ಕಿನಲ್ಲಿ ಅದನ್ನು ಒಳಕ್ಕೆ ನೂಕಿದರೆ ಇನ್ನೊಂದು ದಿಕ್ಕಿನಲ್ಲಿ ಅದು ಹೊರಕ್ಕೆ ಜಾರುತ್ತದೆ. ಕುದುರೆಯ ಜೀನಿನ ಮೇಲಿಟ್ಟ ಗುಂಡು ಹೀಗೆಯೇ ಪಕ್ಕಕ್ಕೆ ಉರುಳಿಹೋಗುತ್ತದೆ. ಆದರೆ ಆ ಜೀನನ್ನು ತಕ್ಕ ವೇಗದಲ್ಲಿ ತಿರುಗಿಸಿದರೆ, ಗುಂಡು ಉರುಳಿಹೋಗುವಷ್ಟರಲ್ಲಿ ಏರುಭಾಗವು ಎದುರಾಗಿ ಅದನ್ನು ನಡುವಿಗೆ ತಳ್ಳುತ್ತದೆ. ಈ ತತ್ತ್ವದಂತೆ ಪೌಲರು ಕ್ಷೇತ್ರದ ದಿಕ್ಕನ್ನು ಸೆಕೆಂಡಿಗೆ ಲಕ್ಷಾಂತರ ಬಾರಿ ಬದಲಿಸಿ, ನಿರ್ವಾತದಲ್ಲಿ ಅಯಾನುಗಳನ್ನು ತೇಲಿ ನಿಲ್ಲಿಸಿದರು. ಈ ಸಾಧನವು ಪೌಲ್ ಬೋನು ಎಂದು ಪ್ರಸಿದ್ಧವಾಯಿತು. 1980ರಲ್ಲಿ ಹೈಡಲ್‌ಬರ್ಗಿನ ವಿಜ್ಞಾನಿಗಳು ಇಂತಹ ಬೋನಿನಲ್ಲಿ ಬೇರಿಯಮ್‌ನ ಒಂದೇ ಒಂದು ಅಯಾನನ್ನು ಹಿಡಿದು ಅದರ ಛಾಯಾಚಿತ್ರವನ್ನು ತೆಗೆದರು.

ಪೌಲರು ಪ್ರಯೋಗಶಾಲೆಯ ಹೊರಗಿನ ಲೋಕವನ್ನು ಮರೆತವರಲ್ಲ. 1957ರಲ್ಲಿ ಪಶ್ಚಿಮ ಜರ್ಮನಿಯ ಸೈನ್ಯಕ್ಕೆ ಪರಮಾಣು ಅಸ್ತ್ರಗಳನ್ನು ಒದಗಿಸುವ ಆಲೋಚನೆ ನಡೆದಾಗ, 18 ಮಂದಿ ವಿಜ್ಞಾನಿಗಳು ಅದನ್ನು ಬಹಿರಂಗವಾಗಿ ವಿರೋಧಿಸಿದರು. ಅಂತಹ ಅಸ್ತ್ರಗಳ ತಯಾರಿಕೆಯಲ್ಲಿ ತಾವು ಪಾಲುಗೊಳ್ಳುವುದಿಲ್ಲವೆಂದು ಸಾರಿದರು. ಆ ಹೇಳಿಕೆಗೆ ಸಹಿ ಹಾಕಿದವರಲ್ಲಿ ಪೌಲರೂ ಒಬ್ಬರು.

1989ರಲ್ಲಿ, ತಮ್ಮ 76ನೆಯ ವಯಸ್ಸಿನಲ್ಲಿ, ಪೌಲರು ಡೆಮೆಲ್ಟ್ ಮತ್ತು ರಾಮ್ಸೆ ಎಂಬ ವಿಜ್ಞಾನಿಗಳೊಡನೆ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. 1993ರ ಡಿಸೆಂಬರ್ 7ರಂದು ಅವರು ಬಾನ್‌ನಲ್ಲಿ ನಿಧನರಾದರು. ಬೋನಿನಲ್ಲಿ ಸೆರೆಯಾದ ಅಯಾನುಗಳಿಂದ ಗಣಕಯಂತ್ರವನ್ನು ರಚಿಸಬಹುದೆಂದು ಸಿರಾಕ್ ಮತ್ತು ಜೋಲರ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟದ್ದು 1995ರಲ್ಲಿ. ಇಂದು ಅತಿ ನಿಖರವಾದ ಗಡಿಯಾರಗಳಿಗೂ ಕ್ವಾಂಟಮ್ ಗಣಕಗಳಿಗೂ ಆ ಬೋನು ಆಧಾರವಾಗಿದೆ. ಕಣದ ಸ್ವಭಾವವನ್ನು ಅರಿಯಬೇಕೆಂಬ ಶುದ್ಧ ಜಿಜ್ಞಾಸೆಯಿಂದ ನೆಟ್ಟ ಸಸಿ, ನೆಟ್ಟವರು ಕಾಣದ ಕಾಲದಲ್ಲಿ ಫಲ ಕೊಡುತ್ತಿದೆ.