ಹಿಮದಲ್ಲಿ ಹಾದಿ ತೆರೆದ ಮೆಕ್ಯಾನಿಕ್ ಬೊಂಬಾರ್ಡಿಯರ್

ಬೊಂಬಾರ್ಡಿಯರ್ ಎಂಬ ಹೆಸರು ಭಾರತದ ನಗರವಾಸಿಗಳಿಗೆ ಪರಿಚಯವಾದದ್ದು ದೆಹಲಿ ಮೆಟ್ರೊ ರೈಲುಗಳ ಮೂಲಕ. ಆದರೆ ಆ ಹೆಸರಿನ ಮೂಲಪುರುಷ ಜೋಸೆಫ್ ಅರ್ಮಾಂ ಬೊಂಬಾರ್ಡಿಯರ್ ರೈಲು ಕಟ್ಟಿದವರಲ್ಲ, ವಿಮಾನವನ್ನೂ ಹಾರಿಸಿದವರಲ್ಲ. ಕೆನಡಾದ ಹಳ್ಳಿಯೊಂದರಲ್ಲಿ ಗ್ಯಾರೇಜು ನಡೆಸುತ್ತಿದ್ದ ಅವರು ಜೀವಮಾನವಿಡೀ ಹೆಣಗಿದ್ದು ಒಂದೇ ಸಮಸ್ಯೆಯೊಂದಿಗೆ: ಮೆತ್ತನೆಯ ಹಿಮದ ಮೇಲೆ ಹೂತುಹೋಗದೆ ಸಾಗುವ ವಾಹನವನ್ನು ನಿರ್ಮಿಸುವುದು ಹೇಗೆ?

ಬೊಂಬಾರ್ಡಿಯರ್ ಜನಿಸಿದ್ದು 1907ರ ಏಪ್ರಿಲ್ 16ರಂದು, ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್‌ನಲ್ಲಿ. ಅಲ್ಲಿ ಚಳಿಗಾಲ ಬಂತೆಂದರೆ ಹಳ್ಳಿಯ ರಸ್ತೆಗಳು ತಿಂಗಳುಗಟ್ಟಲೆ ಹಿಮದಡಿ ಮುಚ್ಚಿಹೋಗುತ್ತಿದ್ದವು. ಮೋಟಾರು ವಾಹನಗಳು ಕೊಟ್ಟಿಗೆ ಸೇರುತ್ತಿದ್ದವು; ಕುದುರೆ ಎಳೆಯುವ ಜಾರುಬಂಡಿಯೇ ಜನರಿಗೆ ಗತಿಯಾಗಿತ್ತು.

ಯಂತ್ರಗಳ ಹುಚ್ಚು ಹತ್ತಿದ್ದ ಬಾಲಕನ ಕೈಗೆ ತಂದೆ ಆಲ್ಫ್ರೆಡ್ ಹಳೆಯದೊಂದು ಫೋರ್ಡ್ ಕಾರನ್ನು ಒಪ್ಪಿಸಿದರು. 1922ರ ಡಿಸೆಂಬರ್ 31ರಂದು ಹದಿನೈದರ ಹುಡುಗ ಅದರ ಎಂಜಿನನ್ನು ಜಾರುಬಂಡಿಗೆ ಬಿಗಿದು, ಹಿಂಬದಿಗೆ ಮರದ ಪ್ರೊಪೆಲ್ಲರ್ ಜೋಡಿಸಿ, ತಮ್ಮನೊಡನೆ ಊರ ಬೀದಿಯಲ್ಲಿ ಓಡಿಸಿಯೇ ಬಿಟ್ಟ. ಗಿರಗಿರನೆ ತಿರುಗುವ ಪ್ರೊಪೆಲ್ಲರ್ ಯಾರ ಪ್ರಾಣಕ್ಕೆ ಎರವಾಗುವುದೋ ಎಂದು ಹೆದರಿದ ತಂದೆ ಅದನ್ನು ಕೂಡಲೇ ಬಿಚ್ಚಿಸಿದರು. ಪಾದ್ರಿಯಾಗಲೆಂದು ಸೆಮಿನರಿಗೆ ಸೇರಿಸಿದ ಪ್ರಯತ್ನವೂ ಫಲ ಕೊಡಲಿಲ್ಲ. ಮೆಕ್ಯಾನಿಕ್ ಕೆಲಸ ಕಲಿತು ಮರಳಿದ ಬೊಂಬಾರ್ಡಿಯರ್ 1926ರಲ್ಲಿ ವಾಲ್ಕೂರ್‌ನಲ್ಲಿ ಸ್ವಂತ ಗ್ಯಾರೇಜು ತೆರೆದರು. ಬೇಸಿಗೆಯಲ್ಲಿ ಕಾರು ರಿಪೇರಿ, ಚಳಿಗಾಲದಲ್ಲಿ ಹಿಮವಾಹನದ ಪ್ರಯೋಗ ಎಂಬುದು ಅವರ ದಿನಚರಿಯಾಯಿತು.

1934ರ ಚಳಿಗಾಲ ಅವರ ಬದುಕಿನ ಕರಾಳ ಅಧ್ಯಾಯ. ಎರಡು ವರ್ಷದ ಮಗ ಈವೊನ್‌ಗೆ ಅಪೆಂಡಿಸೈಟಿಸ್ ಉಲ್ಬಣಿಸಿತು. ರಸ್ತೆಗಳು ಹಿಮದಿಂದ ಮುಚ್ಚಿದ್ದವು. ತಂದೆಯ ಪ್ರಯೋಗದ ವಾಹನಗಳು ಓಡುವ ಸ್ಥಿತಿಯಲ್ಲಿರಲಿಲ್ಲ. ಆಸ್ಪತ್ರೆ ತಲುಪಲಾಗದೆ ಮಗು ಅಸುನೀಗಿತು. ಹವ್ಯಾಸವಾಗಿದ್ದ ಪ್ರಯೋಗ ಅಲ್ಲಿಂದಾಚೆಗೆ ಹೊಣೆಯಾಯಿತು.

ಮರುವರ್ಷವೇ ಅವರು ರಬ್ಬರ್ ಹೊದಿಸಿದ ಹಲ್ಲುಚಕ್ರ ಮತ್ತು ಅದು ಎಳೆಯುವ ಪಟ್ಟಿಯ ವ್ಯವಸ್ಥೆಯನ್ನು ರೂಪಿಸಿದರು. ವಾಹನದ ಭಾರ ಅಗಲವಾದ ಪಟ್ಟಿಯ ಮೇಲೆ ಹರಡಿದ್ದರಿಂದ ಅದು ಹಿಮದಲ್ಲಿ ಹೂಳಲಿಲ್ಲ. ಮುಂದಿನ ಸ್ಕೀಗಳು ದಿಕ್ಕು ತೋರಿದವು. 1937ರಲ್ಲಿ ಪೇಟೆಂಟ್ ದೊರೆಯಿತು. ಏಳು ಮಂದಿ ಕೂರುವ ಬಿ7, ನಂತರ ಹನ್ನೆರಡು ಮಂದಿಯ ಬಿ12 ವಾಹನಗಳು ವೈದ್ಯರನ್ನು, ಅಂಚೆಯನ್ನು, ಶಾಲಾಮಕ್ಕಳನ್ನು ಹೊತ್ತು ಸಾಗಿದವು. 1942ರಲ್ಲಿ ಕಂಪನಿ ನೋಂದಣಿಯಾಯಿತು. ಆದರೆ 1948ರಲ್ಲಿ ಗ್ರಾಮೀಣ ರಸ್ತೆಗಳ ಹಿಮ ತೆರವಿಗೆ ಕ್ವಿಬೆಕ್ ಸರ್ಕಾರ ಕಾನೂನು ತಂದಾಗ ಈ ದೊಡ್ಡ ವಾಹನಗಳ ಬೇಡಿಕೆ ಕುಸಿಯಿತು.

ಒಬ್ಬಿಬ್ಬರು ಕೂರುವ ಪುಟ್ಟ ವಾಹನ ಬೊಂಬಾರ್ಡಿಯರ್ ಅವರ ಹಳೆಯ ಕನಸು. ಅಂದಿನ ಎಂಜಿನುಗಳು ಬಲು ಭಾರವಾಗಿದ್ದರಿಂದ ಅದು ಕೈಗೂಡಿರಲಿಲ್ಲ. 1950ರ ದಶಕದ ಕೊನೆಗೆ ಹಗುರ ಎಂಜಿನುಗಳು ಲಭ್ಯವಾದವು. ಹಿರಿಯ ಮಗ ಜೆರ್ಮೇನ್ ಜೋಡಣೆಯಿಲ್ಲದ ಅಖಂಡ ರಬ್ಬರ್ ಪಟ್ಟಿ ತಯಾರಿಸುವ ವಿಧಾನ ಕಂಡುಕೊಂಡರು. 1959ರಲ್ಲಿ ಸ್ಕಿ-ಡೂ ಹೊರಬಂತು. ಮೊದಲ ವಾಹನಗಳಲ್ಲೊಂದನ್ನು ಬೊಂಬಾರ್ಡಿಯರ್ ಒಂಟಾರಿಯೊದ ಲ್ಯಾನ್ಸ್‌ಡೌನ್ ಹೌಸ್ ಎಂಬ ದುರ್ಗಮ ನೆಲೆಯಲ್ಲಿದ್ದ ಪಾದ್ರಿಗೆ ಒಯ್ದುಕೊಟ್ಟರು. ಮೊದಲ ಋತುವಿನಲ್ಲಿ 225 ವಾಹನಗಳು ಮಾರಾಟವಾದವು. ನಾಲ್ಕು ವರ್ಷಗಳ ಬಳಿಕ ಆ ಸಂಖ್ಯೆ 8,000 ದಾಟಿತು. ಆರಂಭದ ನಾಲ್ಕು-ಸ್ಟ್ರೋಕ್ ಕೋಹ್ಲರ್ ಎಂಜಿನಿನ ಜಾಗಕ್ಕೆ 1960ರ ದಶಕದ ಆರಂಭದಲ್ಲಿ ಆಸ್ಟ್ರಿಯದ ರೋಟ್ಯಾಕ್ಸ್ ಕಂಪನಿಯ ಎರಡು-ಸ್ಟ್ರೋಕ್ ಎಂಜಿನ್ ಬಂತು.

ಎರಡು-ಸ್ಟ್ರೋಕ್ ಎಂಜಿನ್ ಹಗುರ, ಸರಳ. ಆದರೆ ಗಾಳಿ ಮತ್ತು ಪೆಟ್ರೋಲಿನ ಪ್ರಮಾಣದ ವಿಚಾರದಲ್ಲಿ ಬಲು ನಾಜೂಕು. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 15 ಪಾಲು ಗಾಳಿ ಬೇಕು. ಕೊರೆಯುವ ಗಾಳಿ ಸಾಂದ್ರವಾದ್ದರಿಂದ ಅದಕ್ಕೆ ಹೆಚ್ಚು ಇಂಧನ ಬೇಕಾಗುತ್ತದೆ. ಕಡುಚಳಿಗೆ ಹೊಂದಿಸಿದ ಕಾರ್ಬ್ಯುರೇಟರ್ ಬಿಸಿಲೇರಿದ ದಿನ ಅಥವಾ ಎತ್ತರದ ಬೆಟ್ಟದಲ್ಲಿ ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲು ಸುರಿಯುತ್ತದೆ. ಆಗ ಹೊಗೆ ದಟ್ಟವಾಗುತ್ತದೆ, ಸ್ಪಾರ್ಕ್ ಪ್ಲಗ್ ಕಪ್ಪಾಗಿ ಒದ್ದೆಯಾಗುತ್ತದೆ, ಐಡ್ಲಿಂಗ್‌ನಲ್ಲಿ ಎಂಜಿನ್ ತಡವರಿಸಿ ನಿಂತುಬಿಡುತ್ತದೆ. ಹಳೆಯ ಸ್ಕೂಟರ್ ಓಡಿಸಿದವರಿಗೆ ಈ ಲಕ್ಷಣ ಅಪರಿಚಿತವಲ್ಲ.

ಅನುಭವಿ ಮೆಕ್ಯಾನಿಕ್ ಇಲ್ಲಿ ಸ್ಕ್ರೂ ತಿರುವಲು ಆತುರಪಡುವುದಿಲ್ಲ. ಚೋಕ್ ಪೂರ್ತಿ ಹಿಂದಕ್ಕೆ ಸರಿದಿದೆಯೇ, ಗಾಳಿಯ ದಾರಿಯಲ್ಲಿ ಹಿಮ ಕಟ್ಟಿಕೊಂಡಿದೆಯೇ ಎಂದು ಮೊದಲು ನೋಡುತ್ತಾನೆ. ಅನಂತರ ಫ್ಲೋಟ್‌ನ ಮಟ್ಟ, ಸವೆದ ನೀಡಲ್ ವಾಲ್ವ್, ಇಂಧನ ಪಂಪಿನ ಹರಿದ ಡಯಾಫ್ರಮ್. ಇವೆಲ್ಲ ಸರಿಯಿದ್ದರೆ ಮಾತ್ರ ಜೆಟ್ ಮತ್ತು ಏರ್ ಸ್ಕ್ರೂ. ಕಾರಣ ಸ್ಪಷ್ಟ: ಪೆಟ್ರೋಲು ಹೆಚ್ಚಾದರೆ ಎಂಜಿನ್ ನಿಲ್ಲುತ್ತದೆ, ಮಿತಿಮೀರಿ ಕಡಿಮೆಯಾದರೆ ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಊರಿನಿಂದ ಹತ್ತಾರು ಕಿಲೋಮೀಟರ್ ದೂರದ ಹಿಮದಲ್ಲಿ ಅದು ಸವಾರನ ಜೀವದ ಪ್ರಶ್ನೆ.

ಕ್ಯಾನ್ಸರ್‌ಗೆ ತುತ್ತಾದ ಬೊಂಬಾರ್ಡಿಯರ್ 1964ರ ಫೆಬ್ರವರಿ 18ರಂದು ನಿಧನರಾದರು. ಆಗ ಅವರಿಗೆ 56 ವರ್ಷ. ಅವರ ನಂತರ ಕಂಪನಿ ರೈಲು, ವಿಮಾನಗಳತ್ತ ಬೆಳೆಯಿತು. 2003ರಲ್ಲಿ ಸ್ನೋಮೊಬೈಲ್ ವಿಭಾಗ ಬಿಆರ್‌ಪಿ ಎಂಬ ಪ್ರತ್ಯೇಕ ಸಂಸ್ಥೆಯಾಯಿತು. 2021ರಲ್ಲಿ ರೈಲು ವಿಭಾಗ ಅಲ್‌ಸ್ಟಮ್ ಪಾಲಾಯಿತು. ಹೊಸ ಸ್ನೋಮೊಬೈಲ್‌ಗಳ ಪೈಕಿ ಬಹುಪಾಲಿನಲ್ಲಿ ಕಾರ್ಬ್ಯುರೇಟರಿನ ಕೆಲಸವನ್ನು ಎಲೆಕ್ಟ್ರಾನಿಕ್ ವ್ಯವಸ್ಥೆ ವಹಿಸಿಕೊಂಡಿದೆ.

ವಾಲ್ಕೂರ್‌ನಲ್ಲಿರುವ ಅವರ ಹೆಸರಿನ ವಸ್ತುಸಂಗ್ರಹಾಲಯದಲ್ಲಿ ಆ ಮೊದಲ ಗ್ಯಾರೇಜನ್ನು ಇಂದಿಗೂ ಕಾಪಾಡಲಾಗಿದೆ. ಮಗನಿಗೆ ಒದಗದ ವಾಹನವನ್ನು ಊರವರ ಮಕ್ಕಳಿಗೆ ಒದಗಿಸಿದ ಕಾರ್ಯಾಗಾರ ಅದು.